ಜಂಗು ಹಿಡಿದ ಕೀಲಿ



ನಿಮ್ಮ ಮನಿ ಬಾಗಿಲ ಕೀಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದಿನಾ ಮುಟ್ಟುವ ವಸ್ತು. ಆದರೆ ಅದರ ಮೈಮೇಲೆ ಏನು ಬರೆದಿದೆ ಎಂದು ಎಂದಾದರೂ ನೋಡಿದ್ದೀರಾ? ಅಕ್ಷರಗಳು ಹೆಚ್ಚಾಗಿ ಇಂಗ್ಲಿಷಿನವು. ಅವು ಬಾರದಿದ್ದರೆ ಇರಲಿ. ಒಂದು ಅಂಕಿ ಕಾಣುತ್ತದೆ. 5, 6 ಅಥವಾ 7 ಇರಬಹುದು. ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಅದು ಏನು ಹೇಳುತ್ತದೆ ಎಂದು ಮುಂದೆ ತಿಳಿಯೋಣ.

ಮೊದಲು ಒಂದು ಮಾತು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ನಾವು ಕೀಲಿ ಅನ್ನುತ್ತೇವೆ. ಅದನ್ನು ತೆಗೆಯುವುದಕ್ಕೆ ಕೀಲಿಕೈ ಅನ್ನುತ್ತೇವೆ. ಬೆಂಗಳೂರು, ಮೈಸೂರು ಕಡೆಯವರು ಅದನ್ನೇ ಬೀಗ, ಬೀಗದ ಕೈ ಅನ್ನುತ್ತಾರೆ. ಪುಸ್ತಕಗಳಲ್ಲಿ ಹೆಚ್ಚಾಗಿ ಬೀಗ ಎಂದೇ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ಆ ಪದ ಓದಿ ನಗುತ್ತಾರೆ. "ಬೀಗ ಅಂದ್ರ ನಮ್ಮ ಮಗಳ ಮಾವ ಅಲ್ಲೇನ್ರಿ ಟೀಚರ್? ಅವನ್ನ ಬಾಗಿಲಿಗೆ ಹ್ಯಾಂಗ ಹಾಕೂದು?" ಎರಡೂ ಸರಿ. ಈ ಪಾಠದಲ್ಲಿ ನಾವು ಕೀಲಿ ಎಂದೇ ಬರೆಯೋಣ. ತುಕ್ಕು ಎಂಬುದಕ್ಕೆ ನಮ್ಮ ಮಾತಿನ ಜಂಗು ಎಂಬ ಪದವನ್ನೂ ಬಳಸೋಣ.

ಪಂಚಮಿಗೆ ಊರಿಗೆ ಬಂದಾಗ

ನಮ್ಮ ಹಳ್ಳಿಗಳಿಂದ ಬಹಳ ಜನ ಗುಳೆ ಹೋಗುತ್ತಾರೆ. ಕೆಲವರು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಪುಣೆ, ಮುಂಬೈ, ಗೋವಾಕ್ಕೆ ಹೋಗುತ್ತಾರೆ. ಮನೆಗೆ ಕೀಲಿ ಬೀಳುತ್ತದೆ. ತಿಂಗಳುಗಟ್ಟಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಬೇಸಿಗೆಯ ಧೂಳು ಅದರೊಳಗೆ ಹೋಗಿ ಕೂರುತ್ತದೆ. ಮೇಲೆ ಮಳೆ ಬೀಳುತ್ತದೆ.

ನಾಗರ ಪಂಚಮಿಗೆ ಊರಿಗೆ ಬರುತ್ತೀರಿ ಅಂದುಕೊಳ್ಳಿ. ಸಂಜೆ ಆಗಿದೆ. ಕಂಕುಳಲ್ಲಿ ಕೂಸು, ತಲೆ ಮೇಲೆ ಗಂಟು. ಕೀಲಿಕೈ ಹಾಕುತ್ತೀರಿ. ಅದು ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಆಗ ಮನೆಯ ಗಂಡಸರು ಏನು ಮಾಡುತ್ತಾರೆ? ಸುತ್ತಲೂ ನೋಡಿ ಒಂದು ಕಲ್ಲು ಎತ್ತಿಕೊಳ್ಳುತ್ತಾರೆ.

ಕಲ್ಲಿನಿಂದ ಹೊಡೆದರೆ ಕೀಲಿ ಬೇಗ ಒಡೆಯುವುದಿಲ್ಲ. ಮೊದಲು ಕೀಳುವುದು ಬಾಗಿಲ ಚಿಲಕ. ಹಳೆಯ ಕಟ್ಟಿಗೆ ಸೀಳುತ್ತದೆ. ಚೌಕಟ್ಟಿನ ಮೊಳೆ ಸಡಿಲ ಆಗುತ್ತದೆ. ಆ ರಾತ್ರಿ ಬಾಗಿಲಿಗೆ ಕೀಲಿ ಹಾಕಲು ಜಾಗವೇ ಇರುವುದಿಲ್ಲ. ಒಳಗೆ ಟ್ರಂಕು ಇದೆ. ಟ್ರಂಕಿನಲ್ಲಿ ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಪಹಣಿ, ಕೂಸಿನ ತಾಯಿ ಕಾರ್ಡು ಇವೆ. ದುಡಿದು ತಂದ ರೊಕ್ಕವೂ ಇದೆ. ಮರುದಿನ ಬಡಿಗೇರ ಬರಬೇಕು. ಹೊಸ ಚಿಲಕ, ಹೊಸ ಕೀಲಿ ತರಬೇಕು. ಹಬ್ಬಕ್ಕೆ ಇಟ್ಟ ದುಡ್ಡು ಬಾಗಿಲಿಗೆ ಹೋಗುತ್ತದೆ.

ಅದಕ್ಕೆ ನಾನು ಹೇಳುವುದು ಇಷ್ಟು. ಜಂಗು ಹಿಡಿದ ಬಹಳಷ್ಟು ಕೀಲಿಗಳು ಕೆಟ್ಟಿರುವುದಿಲ್ಲ. ಒಳಗೆ ಸಿಕ್ಕಿಕೊಂಡಿರುತ್ತವೆ, ಅಷ್ಟೇ. ಅವುಗಳನ್ನು ಬಿಡಿಸಲು ದೊಡ್ಡ ಶಕ್ತಿ ಬೇಡ. ಎರಡು ಚಮಚ ಚಿಮಣಿ ಎಣ್ಣೆ, ಒಂದು ಕೋಳಿ ಪುಕ್ಕ, ಸ್ವಲ್ಪ ಹೊತ್ತು ಬೇಕು. ಈ ಕೆಲಸ ಮಾಡಲು ಗಂಡಸರನ್ನು ಕಾಯಬೇಕಾಗಿಲ್ಲ.

ಒಂದೇ ಒಂದು ಸಂದರ್ಭ ಬೇರೆ. ಒಳಗೆ ಕೂಸು ಇದೆ, ಅಥವಾ ವಯಸ್ಸಾದವರು ಬಿದ್ದಿದ್ದಾರೆ, ಅಥವಾ ಹೊಗೆ ಬರುತ್ತಿದೆ. ಆಗ ಎಣ್ಣೆ, ಪುಕ್ಕ ಹುಡುಕುತ್ತಾ ಕೂರಬೇಡಿ. ನೆರೆಯವರನ್ನು ಕೂಗಿ. ಬಾಗಿಲು ಮುರಿಯಿರಿ. ಬಾಗಿಲು ಮತ್ತೆ ಮಾಡಿಸಬಹುದು.

ಕೀಲಿಯ ಒಳಗೆ ಏನಿದೆ?

ಕೀಲಿಯ ಮೇಲೆ ಬಾಗಿದ ಕಬ್ಬಿಣದ ಸರಳು ಇದೆ. ಅದಕ್ಕೆ ಕೊಂಡಿ ಅನ್ನೋಣ. ಕೊಂಡಿಯ ಎರಡು ಕಾಲುಗಳು ಕೀಲಿಯ ಮೈಯೊಳಗೆ ಇಳಿದಿವೆ. ಒಳಗೆ ಒಂದು ಅಡ್ಡ ತುಂಡು ಕೊಂಡಿಯನ್ನು ಹಿಡಿದಿರುತ್ತದೆ. ಆ ಅಡ್ಡ ತುಂಡು ಸರಿದರೆ ಕೊಂಡಿ ಬಿಡುತ್ತದೆ.

ಅಡ್ಡ ತುಂಡು ಸುಮ್ಮನೆ ಸರಿಯುವುದಿಲ್ಲ. ಅದನ್ನು ತಡೆಯಲು ತೆಳು ತಗಡುಗಳು ಒಂದರ ಪಕ್ಕ ಒಂದು ಇವೆ. ಇವಕ್ಕೆ ಲಿವರ್ ಎಂದು ಹೆಸರು. ಪ್ರತಿ ತಗಡಿನ ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಇದೆ. ಕೀಲಿಕೈಯ ಹಲ್ಲುಗಳನ್ನು ನೋಡಿ. ಒಂದು ಉದ್ದ, ಒಂದು ಗಿಡ್ಡ. ಪ್ರತಿ ಹಲ್ಲು ತನ್ನ ತಗಡನ್ನು ಬೇಕಾದಷ್ಟೇ ಎತ್ತುತ್ತದೆ. ಎಲ್ಲ ತಗಡುಗಳೂ ಸರಿಯಾದ ಎತ್ತರಕ್ಕೆ ಬಂದಾಗ ಮಾತ್ರ ಅಡ್ಡ ತುಂಡು ಸರಿಯುತ್ತದೆ.

ನಿಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ನೆನಪು ಮಾಡಿಕೊಳ್ಳಿ. ಬ್ಯಾಂಕಿನಿಂದ ಸಂಘದ ಹಣ ತೆಗೆಯಲು ಒಬ್ಬರ ಸಹಿ ಸಾಲದು. ಸಹಿ ಮಾಡಬೇಕಾದವರೆಲ್ಲ ಮಾಡಿದರೇ ಹಣ ಬರುತ್ತದೆ. ಕೀಲಿಯೂ ಹಾಗೆಯೇ. ಕೀಲಿ ಮೇಲೆ 6 ಎಂದು ಇದ್ದರೆ ಒಳಗೆ ಆರು ತಗಡು ಇವೆ ಎಂದು ಅರ್ಥ. ಆರೂ ಒಪ್ಪಬೇಕು. ಒಂದು ತಗಡಿಗೆ ಜಂಗು ಹಿಡಿದು ಅದು ಮೇಲೆ ಏಳದಿದ್ದರೆ ಐದು ಎದ್ದರೂ ಕೀಲಿ ತೆಗೆಯುವುದಿಲ್ಲ. ಇಂಥ ತಗಡಿನ ಕೀಲಿಯನ್ನು ಸುಧಾರಿಸಿ 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬವನು ಹಕ್ಕುಪತ್ರ ಪಡೆದ. ಇನ್ನೂರು ವರ್ಷ ದಾಟಿತು. ನಮ್ಮ ಬಾಗಿಲಿಗೆ ಇಂದಿಗೂ ಅದೇ ಉಪಾಯ ನೇತಾಡುತ್ತಿದೆ.

ಇನ್ನು ಜಂಗು ಎಂದರೇನು? ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ಜಂಗು ಆಗುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಗೋವಾದಲ್ಲಿ ದುಡಿದು ಬಂದವರು ನೋಡಿರುತ್ತೀರಿ, ಸಮುದ್ರದ ಗಾಳಿಗೆ ಕಿಟಕಿ ಸರಳು ಹೇಗೆ ತಿಂದುಹೋಗುತ್ತದೆ ಎಂದು. ನಮ್ಮ ಕೈ ಬೆವರಿನಲ್ಲೂ ಉಪ್ಪು ಇದೆ. ಜಂಗು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಜೋಳ ಅರಳಾದ ಹಾಗೆ ಉಬ್ಬುತ್ತದೆ. ತಗಡುಗಳ ನಡುವೆ ಇರುವುದೇ ಕೂದಲೆಳೆಯಷ್ಟು ಸಂದು. ಅದು ತುಂಬಿದರೆ ತಗಡು ಅಲ್ಲಾಡುವುದಿಲ್ಲ.

ಹಿತ್ತಾಳೆಗೆ ಇಂಥ ಜಂಗು ಹಿಡಿಯುವುದಿಲ್ಲ. ಆದರೆ ಹಿತ್ತಾಳೆ ಕೀಲಿಯಲ್ಲೂ ಕೊಂಡಿ ಮತ್ತು ಸ್ಪ್ರಿಂಗ್ ಸಾಮಾನ್ಯವಾಗಿ ಉಕ್ಕಿನವು. ಅದಕ್ಕೇ ಹಿತ್ತಾಳೆ ಕೀಲಿಯೂ ಕೆಲವೊಮ್ಮೆ ಹಟ ಮಾಡುತ್ತದೆ.

ನಮ್ಮಲ್ಲಿ ಇನ್ನೊಂದು ಕಾಟ ಇದೆ, ಎರೆ ಮಣ್ಣಿನ ಧೂಳು. ಅದು ಹಿಟ್ಟಿನ ಹಾಗೆ ನುಣ್ಣಗೆ ಇರುತ್ತದೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಹೀಗಾಗಿ ನಾವು ಜಂಗು ಅಂದುಕೊಂಡದ್ದು ಎಷ್ಟೋ ಸಲ ಬರೀ ಮಣ್ಣು. ನಮ್ಮ ಶಾಲೆಯಲ್ಲಿ ಬೇಸಿಗೆ ರಜೆ ಮುಗಿದು ಬಾಗಿಲು ತೆಗೆಯುವಾಗ ಪ್ರತಿ ವರ್ಷ ಒಂದಾದರೂ ಕೀಲಿ ಸಿಕ್ಕಿಕೊಳ್ಳುತ್ತದೆ. ಮಣ್ಣು ಉದುರಿಸಿದರೆ ಅರ್ಧ ಕೀಲಿಗಳು ಅಷ್ಟಕ್ಕೇ ತೆಗೆಯುತ್ತವೆ.

ಬಿಡಿಸುವುದು ಹೇಗೆ?

ಮೊದಲು ಕೀಲಿಕೈ ಸರಿಯಾದದ್ದೇ ಎಂದು ನೋಡಿ. ನಗಬೇಡಿ. ಗೊಂಚಲಿನಲ್ಲಿ ಒಂದೇ ಥರದ ಎರಡು ಕೀಲಿಕೈ ಇದ್ದರೆ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಕೀಲಿಕೈ ಬಾಗಿದೆಯೇ? ಹಲ್ಲಿನಲ್ಲಿ ಮಣ್ಣು ಇದೆಯೇ? ಬಟ್ಟೆಯಿಂದ ಒರೆಸಿ.

ಆಮೇಲೆ ಕೀಲಿಯ ತೂತನ್ನು ಕೆಳಮುಖ ಮಾಡಿ. ಕಟ್ಟಿಗೆಯ ತುಂಡಿನಿಂದ ಕೀಲಿಯ ಬೆನ್ನಿಗೆ ಹಗುರವಾಗಿ ತಟ್ಟಿ. ಮಣ್ಣು ಉದುರುತ್ತದೆ. ಮನೆಯಲ್ಲಿ ಸೈಕಲ್ ಪಂಪು ಇದ್ದರೆ ತೂತಿಗೆ ಹಿಡಿದು ನಾಲ್ಕು ಸಲ ಗಾಳಿ ಹೊಡೆಯಿರಿ. ಮುಖ ಪಕ್ಕಕ್ಕೆ ಇರಲಿ, ಧೂಳು ಕಣ್ಣಿಗೆ ಹಾರುತ್ತದೆ. ಬಾಯಿಂದ ಊದಬೇಡಿ. ಬಾಯಿಯ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ. ಕಡ್ಡಿಪೆಟ್ಟಿಗೆಯ ಕಡ್ಡಿ, ಸೇಫ್ಟಿ ಪಿನ್ನು ಹಾಕಿ ಕೆದಕಬೇಡಿ. ಮುರಿದು ಒಳಗೆ ಕೂತರೆ ಎರಡು ಕೆಲಸ ಆಗುತ್ತದೆ.

ಈಗ ಚಿಮಣಿ ಎಣ್ಣೆ. ಮೊದಲಿನಂತೆ ಇದು ರೇಷನ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಲ್ಲದಿದ್ದರೆ ಟ್ರ್ಯಾಕ್ಟರ್ ಇದ್ದವರ ಮನೆಯಿಂದ ಎರಡು ಚಮಚ ಡೀಸೆಲ್ ತನ್ನಿ. ಹೊಲಿಗೆ ಮಷಿನ್ನಿಗೆ ಹಾಕುವ ತೆಳು ಎಣ್ಣೆಯೂ ನಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಜಂಗು ಬಿಡಿಸುವ ಸ್ಪ್ರೇ ಡಬ್ಬಿ ಸಿಗುತ್ತದೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಂದು ಕೀಲಿಗಾಗಿ ಡಬ್ಬಿ ಕೊಳ್ಳುವುದು ದುಬಾರಿ.

ಎಣ್ಣೆಯನ್ನು ಸುರಿಯಬೇಡಿ. ಕೋಳಿ ಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ ತೂತಿನೊಳಗೆ ಇಳಿಸಿ. ಸೂಜಿ ತೆಗೆದ ಹೊಸ ಸಿರಿಂಜು ಇದ್ದರೆ ಇನ್ನೂ ಒಳ್ಳೆಯದು. ತೂತು ಕೆಳಗಡೆ ಇರುವ ಕೀಲಿಯಾದರೆ ಅದನ್ನು ಚಿಲಕದಲ್ಲೇ ಹೊರಳಿಸಿ ತೂತು ಮೇಲೆ ಮಾಡಿ ಹಿಡಿಯಿರಿ. ಎಂಟು ಹತ್ತು ಹನಿ ಸಾಕು. ಆಮೇಲೆ ಕೀಲಿಯನ್ನು ನೆಟ್ಟಗೆ ಮಾಡಿ. ಕೊಂಡಿಯ ಕಾಲು ಮೈಯೊಳಗೆ ಇಳಿಯುವ ಎರಡು ಜಾಗದಲ್ಲೂ ಎರಡೆರಡು ಹನಿ ಬಿಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಕೆಲವೊಮ್ಮೆ ಒಳಗಿನ ತಗಡು ಸರಿ ಇರುತ್ತದೆ, ಕೊಂಡಿಯ ಕಾಲಿಗೇ ಜಂಗು ಹಿಡಿದಿರುತ್ತದೆ.

ಈಗ ಬಿಡಿ. ಅರ್ಧ ತಾಸು ಅದರ ಗೋಜಿಗೆ ಹೋಗಬೇಡಿ. ಎಣ್ಣೆ ಸಂದಿಗೆ ಇಳಿಯಲು ಹೊತ್ತು ಬೇಕು. ನೆರೆಮನೆಯಲ್ಲಿ ಚಹಾ ಕುಡಿಯಿರಿ, ಕೂಸಿಗೆ ಉಣ್ಣಿಸಿ. ನನ್ನ ಅನುಭವದಲ್ಲಿ ಈ ಕೆಲಸದಲ್ಲಿ ಕಷ್ಟವಾದ ಭಾಗ ಇದೇ. ಕಾಯುವುದು.

ಆಮೇಲೆ ಕೀಲಿಕೈ ಹಾಕಿ. ಒಂದು ಕೈಯಿಂದ ಕೊಂಡಿಯನ್ನು ಮೈಯೊಳಗೆ ಒತ್ತಿ ಹಿಡಿಯಿರಿ. ಹೊರಗೆ ಎಳೆಯಬೇಡಿ, ಒಳಗೆ ಒತ್ತಿ. ಎಳೆದರೆ ಒಳಗಿನ ಅಡ್ಡ ತುಂಡು ಇನ್ನೂ ಬಿಗಿಯುತ್ತದೆ. ಒತ್ತಿದರೆ ಅದಕ್ಕೆ ಸರಿಯಲು ಸಡಿಲು ಸಿಗುತ್ತದೆ. ಇನ್ನೊಂದು ಕೈಯಿಂದ ಕೀಲಿಕೈಯನ್ನು ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ಆಡಿಸಿ. ಬೀಸುವ ಕಲ್ಲಿನ ಹಾಗೆ ಒಂದೇ ಕಡೆ ಒತ್ತಿ ತಿರುಗಿಸಬೇಡಿ. ಹೆಬ್ಬೆರಳು, ತೋರುಬೆರಳಿನ ಬಲ ಮಾತ್ರ ಸಾಕು. ಇಕ್ಕಳ ಹಿಡಿದು ತಿರುಗಿಸಿದರೆ ಕೀಲಿಕೈ ಮುರಿಯುತ್ತದೆ. ಆಡಿಸುತ್ತಾ ಇರುವಾಗ ಇನ್ನೊಬ್ಬರು ಕೀಲಿಯ ಮೈಗೆ ಕಟ್ಟಿಗೆ ತುಂಡಿನಿಂದ ಮೆಲ್ಲಗೆ ತಟ್ಟಲಿ. ನಡುಗಿದಾಗ ಜಂಗಿನ ಪುಡಿ ಬಿಡುತ್ತದೆ, ಎಣ್ಣೆ ಒಳಗೆ ಹೋಗುತ್ತದೆ.

ಕೀಲಿಕೈಯನ್ನು ಹೊರಗೆ ತೆಗೆದು ನೋಡಿ. ಅದಕ್ಕೆ ಕಂದು ಬಣ್ಣದ ಕೆಸರು ಹತ್ತಿದ್ದರೆ ಸಂತೋಷಪಡಿ. ಜಂಗು ಹೊರಗೆ ಬರುತ್ತಿದೆ. ಒರೆಸಿ, ಮತ್ತೆ ಎರಡು ಹನಿ ಬಿಟ್ಟು, ಮತ್ತೆ ಆಡಿಸಿ. ಆಗಲಿಲ್ಲವೇ? ಮತ್ತೆ ಎಣ್ಣೆ ಬಿಟ್ಟು ರಾತ್ರಿ ಪೂರ್ತಿ ಬಿಡಿ. ಆ ರಾತ್ರಿ ತವರು ಮನೆಯಲ್ಲೋ ವೈನಿ ಮನೆಯಲ್ಲೋ ಮಲಗಿ. ಒಂದು ರಾತ್ರಿ ಕಾಯ್ದದ್ದಕ್ಕೆ ಬಾಗಿಲು ಉಳಿದರೆ ಲಾಭವೇ.

ತೆಗೆದ ಕೂಡಲೇ ಕೀಲಿಯನ್ನು ಮತ್ತೆ ಬಾಗಿಲಿಗೆ ಹಾಕಬೇಡಿ! ಕೈಯಲ್ಲಿ ಹಿಡಿದು ಹತ್ತು ಸಲ ಹಾಕಿ, ಹತ್ತು ಸಲ ತೆಗೆಯಿರಿ. ಒತ್ತಿದರೆ ತಾನೇ ಮುಚ್ಚಿಕೊಳ್ಳುವ ಕೀಲಿಗಳಲ್ಲಿ ಇದು ಇನ್ನೂ ಮುಖ್ಯ. ಹತ್ತು ಸಲವೂ ಸಲೀಸಾಗಿ ಬಂದರೆ ಮಾತ್ರ ಬಾಗಿಲಿಗೆ. ಒಂದು ಸಲ ಹಟ ಮಾಡಿದರೂ ಅದನ್ನು ಕೋಳಿ ಗೂಡಿಗೆ ಹಾಕಿ. ಮನೆ ಬಾಗಿಲಿಗೆ ಬೇಡ.

ಚಿಮಣಿ ಎಣ್ಣೆಯ ಬಗ್ಗೆ ಎಚ್ಚರ

ಒಲೆ, ದೀಪ, ಬೀಡಿ, ಊದಿನಕಡ್ಡಿಯ ಹತ್ತಿರ ಈ ಕೆಲಸ ಬೇಡ. ಜಂಗು ಬಿಡಲಿ ಎಂದು ಕೀಲಿಯನ್ನು ಬೆಂಕಿಯಿಂದ ಕಾಯಿಸುವವರಿದ್ದಾರೆ. ಎಣ್ಣೆ ಬಿಟ್ಟ ಕೀಲಿಗೆ ಬೆಂಕಿ ಹಿಡಿದರೆ ಬಾಗಿಲೂ ಹತ್ತಿಕೊಳ್ಳುತ್ತದೆ. ಕಾಯ್ದ ಸ್ಪ್ರಿಂಗ್ ಕೂಡ ಮತ್ತೆ ಪುಟಿಯುವುದಿಲ್ಲ.

ಉಳಿದ ಎಣ್ಣೆಯನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ. ಮಕ್ಕಳು ನೀರು ಎಂದು ಕುಡಿದುಬಿಡುತ್ತಾರೆ. ಹಾಗೆ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿ ಆಗುವಾಗ ಎಣ್ಣೆ ಪುಪ್ಪುಸಕ್ಕೆ ಹೋಗುತ್ತದೆ, ಅದೇ ಹೆಚ್ಚು ಅಪಾಯ. ಉಪ್ಪು ನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ರೊಟ್ಟಿ ಹಿಟ್ಟು ಮುಟ್ಟಿ.

ಅಡುಗೆ ಎಣ್ಣೆ ಯಾಕೆ ಬೇಡ?

ಈ ಮಾತಿಗೆ ಅತ್ತೆಯವರು ಸಿಟ್ಟಾಗಬಹುದು. "ಒಂದೀಟು ಕುಸುಬಿ ಎಣ್ಣಿ ಬಿಡವ್ವ, ತಾನೇ ತೆಗೀತದ" ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಬಿಟ್ಟರೆ ತೆಗೆಯುತ್ತದೆ, ಸುಳ್ಳಲ್ಲ. ಆ ದಿನ ತೆಗೆಯುತ್ತದೆ. ಆದರೆ ಆರು ತಿಂಗಳ ಮೇಲೆ?

ಅಡುಗೆ ಮನೆಯ ಎಣ್ಣೆ ಡಬ್ಬಿಯ ಬಾಯಿ ನೋಡಿ. ಸುತ್ತಲೂ ಹಳದಿ ಅಂಟು ಕಟ್ಟಿರುತ್ತದೆ. ಉಗುರಿನಿಂದ ಕೆರೆದರೂ ಬರುವುದಿಲ್ಲ. ಅದು ಗಾಳಿಗೆ ಒಣಗಿದ ಎಣ್ಣೆ. ಎಲ್ಲ ಎಣ್ಣೆಗಳೂ ಒಂದೇ ಥರ ಒಣಗುವುದಿಲ್ಲ. ಅಗಸಿ ಎಣ್ಣೆ ಬಹಳ ಬೇಗ ಒಣಗುತ್ತದೆ. ಅದಕ್ಕೇ ಅದನ್ನು ಬಾಗಿಲಿಗೆ ಹಚ್ಚುವ ಬಣ್ಣದಲ್ಲಿ ಬಳಸುತ್ತಾರೆ. ಕುಸುಬಿ ಎಣ್ಣೆಯೂ ಆ ಜಾತಿಯದೇ. ಅದನ್ನೂ ಬಣ್ಣ ತಯಾರಿಸಲು ಬಳಸುವುದುಂಟು. ಶೇಂಗಾ ಎಣ್ಣೆ ನಿಧಾನಕ್ಕೆ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಆದರೆ ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಹೇಗೆ ಗಟ್ಟಿಯಾಗುತ್ತದೆಯೋ ಕೀಲಿಯಲ್ಲೂ ಹಾಗೇ ಗಟ್ಟಿಯಾಗುತ್ತದೆ. ಔಡಲ ಎಣ್ಣೆ ದಪ್ಪ, ಸಂದಿಗೆ ಇಳಿಯುವುದಿಲ್ಲ.

ಈ ಅಂಟಿಗೆ ನಮ್ಮ ಎರೆ ಮಣ್ಣಿನ ಧೂಳು ಸೇರಿದರೆ ಏನಾಗುತ್ತದೆ ಎಂದು ನೀವೇ ಹೇಳಿ. ಕುಸುಬಿ ಎಣ್ಣೆ ರೊಟ್ಟಿ, ಪಲ್ಯಕ್ಕೆ ಬಹಳ ಒಳ್ಳೆಯದು. ಅಲ್ಲೇ ಇರಲಿ.

ಹಾಗಾದರೆ ಕೀಲಿಗೆ ಯಾವುದು? ಕೊಂಡಿಯ ಕಾಲಿಗೆ ಹೊಲಿಗೆ ಮಷಿನ್ ಎಣ್ಣೆ. ಅದು ಒಣಗಿ ಅಂಟಾಗುವುದಿಲ್ಲ. ಸಣ್ಣ ಬಾಟಲಿ ತಂದರೆ ಇಡೀ ಓಣಿಗೆ ಒಂದು ವರ್ಷ ಸಾಕು. ಕೀಲಿಕೈ ತೂತಿಗೆ? ಅದಕ್ಕೆ ಬೇಕಾದದ್ದು ನಿಮ್ಮ ಚೀಲದಲ್ಲೇ ಇದೆ. ಪೆನ್ಸಿಲ್ಲು!

ಪೆನ್ಸಿಲ್ಲಿನ ಕಡ್ಡಿಯಲ್ಲಿ ಗ್ರಾಫೈಟ್ ಎಂಬ ಕಪ್ಪು ವಸ್ತು ಇದೆ. ಮುಟ್ಟಿದರೆ ನುಣುಪು. ಅದು ಒಣ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ, ಧೂಳನ್ನು ಹಿಡಿಯುವುದಿಲ್ಲ. ಕೀಲಿಕೈಯ ಹಲ್ಲುಗಳ ಮೇಲೆ ಪೆನ್ಸಿಲ್ಲನ್ನು ಚೆನ್ನಾಗಿ ತಿಕ್ಕಿ. ಕೀಲಿಕೈ ಕಪ್ಪಾಗಬೇಕು. ಒಳಗೆ ಹಾಕಿ ನಾಲ್ಕು ಸಲ ತಿರುಗಿಸಿ. ಇದನ್ನು ಒಣಗಿದ ಕೀಲಿಗೆ ಮಾತ್ರ ಮಾಡಬೇಕು. ಚಿಮಣಿ ಎಣ್ಣೆ ಬಿಟ್ಟಿದ್ದರೆ ಎರಡು ದಿನ ಒಣಗಿಸಿ. ಡೀಸೆಲ್ ಅಥವಾ ಮಷಿನ್ ಎಣ್ಣೆ ಬಿಟ್ಟ ತೂತಿಗೆ ಪೆನ್ಸಿಲ್ ಪುಡಿ ಬೇಡ. ಎಣ್ಣೆ, ಪುಡಿ ಎರಡೂ ಸೇರಿದರೆ ಒಳಗೆ ಕಾಡಿಗೆ ಆಗ್ತದ.

ಕೀಲಿಕೈ ಒಳಗೇ ಮುರಿದರೆ

ಗಾಬರಿ ಬೇಡ. ಹೊರಗೆ ಉಳಿದ ತುಂಡನ್ನು ಎಸೆಯಬೇಡಿ. ಎರಡೂ ತುಂಡು ಸಿಕ್ಕರೆ ಚಾವಿ ಮಾಡುವವರು ಅವನ್ನು ಜೋಡಿಸಿ ನೋಡಿ ಹೊಸದನ್ನು ಮಾಡಿಕೊಡುತ್ತಾರೆ. ಕೀಲಿಯನ್ನು ಕೆಳಮುಖ ಮಾಡಿ ತಟ್ಟಿ ನೋಡಿ. ತುದಿ ಕಂಡರೆ ಸಣ್ಣ ಚಿಮಟದಿಂದ ನೆಟ್ಟಗೆ ಎಳೆಯಿರಿ. ಇನ್ನೊಂದು ಕೀಲಿಕೈ ಹಾಕಿ ದೂಡಬೇಡಿ.

ಏನೂ ಆಗದಿದ್ದರೆ ಕೊಂಡಿಯನ್ನು ಕೊಯ್ಯಬೇಕು. ಕಬ್ಬಿಣ ಕೊಯ್ಯುವ ಬ್ಲೇಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೊಂಡಿ ಕೊಯ್ದರೆ ಹೋಗುವುದು ಕೀಲಿ ಒಂದೇ. ಬಾಗಿಲು, ಚಿಲಕ ಉಳಿಯುತ್ತವೆ. ವೆಲ್ಡಿಂಗ್ ಅಂಗಡಿಯವರ ಕರೆಂಟಿನ ಕಟಿಂಗ್ ಮಷಿನ್ ಬೇಗ ಕೊಯ್ಯುತ್ತದೆ, ಆದರೆ ಕಿಡಿ ಹಾರುತ್ತದೆ. ಚಿಮಣಿ ಎಣ್ಣೆ ಬಿಟ್ಟ ಕೀಲಿಗೆ ಅದನ್ನು ಹಚ್ಚಬೇಡಿ. ಕೊಯ್ಯುವ ಮೊದಲು ಓಣಿಯ ನಾಲ್ಕು ಜನರನ್ನು ಕರೆದು ಎದುರಿಗೆ ನಿಲ್ಲಿಸಿಕೊಳ್ಳಿ. ನಿಮ್ಮದೇ ಬಾಗಿಲಾದರೂ ಹೀಗೆ ಮಾಡಿ. ನಾಳೆ ಅಣ್ಣತಮ್ಮಂದಿರ ನಡುವೆ ಮಾತು ಬಂದರೆ ನೋಡಿದವರು ಇರುತ್ತಾರೆ.

ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ

ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತೇವೆ. ಮಳೆಗಾಲ ಶುರುವಾಗುವ ಹೊತ್ತು ಅದು. ಅಂದೇ ಕೀಲಿಗಳನ್ನೂ ನೋಡಿ. ಮತ್ತೆ ಸೀಗಿ ಹುಣ್ಣಿಮೆಗೆ ಒಮ್ಮೆ ನೋಡಿ. ಧೂಳು ಉದುರಿಸಿ, ಕೊಂಡಿಗೆ ಎರಡು ಹನಿ ಎಣ್ಣೆ ಬಿಟ್ಟು, ಕೀಲಿಕೈಗೆ ಪೆನ್ಸಿಲ್ ತಿಕ್ಕಿ. ಕಾಲು ತಾಸಿನ ಕೆಲಸ. ಗುಳೆ ಹೋಗುವ ಮುಂಚಿನ ದಿನವಂತೂ ತಪ್ಪದೆ ಮಾಡಿ. ನಾರಾಯಣಪುರ ಆಣೆಕಟ್ಟಿನ ಕಾಲುವೆ ನೀರು ಬರುವ ಸುರಪುರ, ಶಹಾಪುರದ ಊರುಗಳಲ್ಲಿ ಮನೆ ಪಕ್ಕದಲ್ಲೇ ಭತ್ತದ ಗದ್ದೆ ಇದ್ದರೆ ತಂಪು ಹೆಚ್ಚು. ಅಲ್ಲಿ ನಡುವೆ ಇನ್ನೂ ಒಮ್ಮೆ ನೋಡಬೇಕಾಗಬಹುದು.

ಮಹಾನವಮಿಗೆ ಕುಡುಗೋಲು, ಕೊಡಲಿ, ಕುಂಟಿಯ ಜೊತೆ ಕೀಲಿಯನ್ನೂ ಪೂಜೆಗೆ ಇಡುವ ಮನೆಗಳಿವೆ. ಇಡಿ. ಆದರೆ ಅರಿಷಿಣ, ಕುಂಕುಮವನ್ನು ಕೀಲಿಯ ಮೈಗೆ ಹಚ್ಚಿ, ತೂತಿಗೆ ಬೇಡ. ಹೊಸ್ತಿಲು ತೊಳೆಯುವಾಗ ಕೂಡ ನೀರು ಕೀಲಿಗೆ ಸಿಡಿಯದಂತೆ ನೋಡಿಕೊಳ್ಳಿ. ಪುಡಿ ಮತ್ತು ನೀರು ಸೇರಿ ತೂತಿನಲ್ಲಿ ಗಟ್ಟಿಯಾಗುತ್ತದೆ.

ಮಳೆ ಬೀಳದಂತೆ ಕೆಲವರು ಕೀಲಿಗೆ ಬಟ್ಟೆ ಸುತ್ತುತ್ತಾರೆ. ಬಟ್ಟೆ ನೀರು ಹೀರಿ ದಿನಗಟ್ಟಲೆ ಒದ್ದೆ ಇರುತ್ತದೆ, ಜಂಗು ಇನ್ನೂ ಹೆಚ್ಚುತ್ತದೆ. ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿದರೆ ಒಳಗೆ ಬೆವರುತ್ತದೆ. ಹಳೆಯ ಸೈಕಲ್ ಟ್ಯೂಬಿನ ಅಗಲ ತುಂಡನ್ನು ಚಿಲಕದ ಮೇಲೆ ಮೊಳೆ ಹೊಡೆದು ಇಳಿಬಿಡಿ. ಕೀಲಿಯ ಮೇಲೆ ಸೆರಗಿನಂತೆ ಬೀಳುತ್ತದೆ. ನೀರು ಜಾರುತ್ತದೆ, ಕೆಳಗಿಂದ ಗಾಳಿ ಆಡುತ್ತದೆ.

ಕೊಂಡಿ ಬಹಳ ಜಂಗು ಹಿಡಿದು ಕಾಣಲು ಕೆಟ್ಟಿದ್ದರೆ ಹುಣಸೆ ಹಣ್ಣಿನ ತಿಳಿಯನ್ನು ಬಟ್ಟೆಗೆ ಹಚ್ಚಿ ತಿಕ್ಕಬಹುದು. ಹುಳಿಗೆ ಜಂಗು ಕರಗುತ್ತದೆ. ಹೊರಗಡೆಗೆ ಮಾತ್ರ. ಉಪ್ಪು ಸೇರಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಎಣ್ಣೆ ಹಚ್ಚಿ.

ಹೊಸ ಕೀಲಿ ಕೊಳ್ಳುವಾಗ

ನಮ್ಮ ದೇಶದಲ್ಲಿ ಕೀಲಿಗೆ ಹೆಸರಾದ ಊರುಗಳಿವೆ. ಉತ್ತರ ಪ್ರದೇಶದ ಅಲೀಗಢದಲ್ಲಿ ಕೀಲಿ ಮಾಡುವ ಕಾರ್ಖಾನೆಗಳು, ಸಣ್ಣ ಅಂಗಡಿಗಳು ಬಹಳ. ತಮಿಳುನಾಡಿನ ದಿಂಡಿಗಲ್‌ನ ಕೈಯಿಂದ ಮಾಡಿದ ಕೀಲಿಗೆ 2019ರಲ್ಲಿ ಊರಿನ ಹೆಸರಿನ ವಿಶೇಷ ಗುರುತು ಸಿಕ್ಕಿತು. ನಮ್ಮ ಪಕ್ಕದ ಇಳಕಲ್ ಸೀರೆಗೂ ಅಂಥದೇ ಗುರುತು ಇದೆ. ಮುಂಬೈಯಲ್ಲಿ ಅರ್ದೇಶಿರ್ ಗೋದ್ರೆಜ್ ಎಂಬವರು 1897ರಲ್ಲಿ ಕೀಲಿ ತಯಾರಿಸಲು ಆರಂಭಿಸಿದರು.

ಅಂಗಡಿಗೆ ಹೋಗುವಾಗ ಒಂದು ಆಯಸ್ಕಾಂತದ ತುಂಡು ಒಯ್ಯಿರಿ. ಮಕ್ಕಳ ಆಟಿಕೆಯದಾದರೂ ಸಾಕು. ಹಿತ್ತಾಳೆ ಎಂದು ಕೊಟ್ಟ ಕೀಲಿಯ ಮೈಗೆ ಅದು ಅಂಟಿದರೆ ಅದು ಹಿತ್ತಾಳೆ ಅಲ್ಲ, ಹಳದಿ ಬಣ್ಣದ ಕಬ್ಬಿಣ. ಕೊಂಡಿಗೆ ಅಂಟಬಹುದು, ಅದು ಸರಿ. ಲಿವರ್ ಅಂಕಿ ಓದಿ. ಪೆಟ್ಟಿಗೆಯ ಮೇಲಿನ ಬೆಲೆ ಓದಿ. ಅದಕ್ಕಿಂತ ಹೆಚ್ಚು ಕೇಳಿದರೆ ಬೆರಳು ಇಟ್ಟು ತೋರಿಸಿ. ಓದಲು ಬಂದವಳ ಮುಂದೆ ಅಂಗಡಿಯವರು ಸುಮ್ಮನಾಗುತ್ತಾರೆ. ಎಷ್ಟು ಕೀಲಿಕೈ ಇವೆ ಎಣಿಸಿ, ಪ್ರತಿಯೊಂದನ್ನೂ ಅಲ್ಲೇ ಹಾಕಿ ತೆಗೆದು ನೋಡಿ.

ಎರಡು ಕೀಲಿಕೈ ಬಂದರೆ ಎರಡನ್ನೂ ಒಂದೇ ಗೊಂಚಲಿಗೆ ಹಾಕಬೇಡಿ. ಗೊಂಚಲು ಕಳೆದರೆ ಎರಡೂ ಹೋಗುತ್ತವೆ. ಒಂದು ಮನೆಯಲ್ಲಿ ಇರಲಿ, ಇನ್ನೊಂದು ನೀವು ನಂಬುವವರ ಹತ್ತಿರ. ಟ್ರಂಕಿನ ಕೀಲಿಕೈಯ ಮಾತು ಬೇರೆ. ಅದರಲ್ಲಿ ನಿಮ್ಮ ಹೆಸರಿನ ಪಾಸ್‌ಬುಕ್ಕು ಇದ್ದರೆ ಒಂದು ಕೀಲಿಕೈ ನಿಮ್ಮ ಕೈಯಲ್ಲೇ ಇರಬೇಕು. ಇದನ್ನು ಕೇಳಲು ನಾಚಿಕೆ ಬೇಡ. "ಕುಡಿಲಾಕ ರೊಕ್ಕ ತಗೊಂಡ್ರಿ, ಪೆಟಿಗಿ ಕೀಲಿಕೈ ನನಗೆ ಕೊಡ್ರಿ" ಎಂದು ಹೇಳಿ ಪಡೆದುಕೊಂಡ ಅಕ್ಕಗಳು ನಮ್ಮ ಕಲಿಕಾ ಕೇಂದ್ರಗಳಲ್ಲಿ ಇದ್ದಾರೆ.

ಪ್ರತಿ ಕೀಲಿಕೈಗೆ ಒಂದು ದಪ್ಪ ಕಾಗದದ ಚೀಟಿ ಕಟ್ಟಿ. ಅದರ ಮೇಲೆ "ಬಾಗಿಲು", "ಟ್ರಂಕು", "ಕೊಟ್ಟಿಗೆ" ಎಂದು ನಿಮ್ಮ ಕೈಯಾರೆ ಬರೆಯಿರಿ. ಊರಿನ ಹೆಸರು, ಮನೆ ನಂಬರು ಬರೆಯಬೇಡಿ. ಕಳೆದರೆ ಸಿಕ್ಕವರಿಗೆ ನಿಮ್ಮ ಮನೆಯ ದಾರಿ ತೋರಿಸಿದಂತೆ ಆಗುತ್ತದೆ.

ಓದಿ, ಮಾತಾಡಿ, ಬರೆಯಿರಿ

ನಿಮ್ಮ ಮನಿ ಕೀಲಿ ಮೇಲೆ ಯಾವ ಅಂಕಿ ಇದೆ? ಒಳಗೆ ಎಷ್ಟು ತಗಡು ಇವೆ?

ಕೀಲಿಕೈ ತಿರುಗಿಸುವಾಗ ಕೊಂಡಿಯನ್ನು ಒಳಗೆ ಒತ್ತಬೇಕೋ, ಹೊರಗೆ ಎಳೆಯಬೇಕೋ? ಯಾಕೆ?

ಕುಸುಬಿ ಎಣ್ಣೆ ಬಿಟ್ಟರೆ ಆರು ತಿಂಗಳ ಮೇಲೆ ಏನಾಗುತ್ತದೆ? ನಿಮ್ಮ ಅತ್ತೆಗೆ ಓದಿ ಹೇಳಿ. ಅವರು ಏನಂದರು ಎಂದು ನಾಳೆ ಕೇಂದ್ರಕ್ಕೆ ಬಂದು ಹೇಳಿ.

ನಿಮ್ಮ ಮನೆಯಲ್ಲಿ ಎಷ್ಟು ಕೀಲಿ ಇವೆ? ಯಾವ ಕೀಲಿಕೈ ಯಾರ ಹತ್ತಿರ ಇದೆ?

ಕೆಳಗಿನ ಸಾಲು ತುಂಬಿ, ಈ ಹಾಳೆಯನ್ನು ಹರಿದು ಬಾಗಿಲ ಹಿಂದೆ ಅಂಟಿಸಿ.

ನಾನು ಕೀಲಿಗೆ ಎಣ್ಣೆ ಬಿಟ್ಟ ದಿನ: ________ ಮತ್ತೆ ಬಿಡಬೇಕಾದ ದಿನ: ________ ನನ್ನ ಸಹಿ: ________